ತೋಟಿಗನ ಮನೆಗೆ ಗುರು ಬೇಕು



ಜವಳಗೇರಾದ ಸೀಮೆ ಎರೆಭೂಮಿಯ ಸೀಮೆ. 1953ರಲ್ಲಿ ತುಂಗಭದ್ರಾ ಜಲಾಶಯ ಸಿದ್ಧವಾಗಿ ಎಡದಂಡೆ ಕಾಲುವೆಯ ನೀರು ಹರಿದು ಬಂದ ಮೇಲೆ ಜೋಳ ಬೆಳೆಯುತ್ತಿದ್ದ ಹೊಲಗಳು ಭತ್ತದ ಗದ್ದೆಗಳಾದವು. ಮನೆಗಳು ದೊಡ್ಡವಾದವು, ಮನೆಯ ಮುಂದೊಂದು ಹೂದೋಟ ಬೇಕೆಂಬ ಆಸೆಯೂ ಬಂದಿತು. ಆ ಆಸೆಯಿಂದ ಒಂದು ಕಾಯಕವೇ ಹುಟ್ಟಿತು. ತಂದೆ ಅಂಗಳ ಅಳೆದು ಗೆರೆ ಹಾಕುತ್ತಾನೆ, ತಾಯಿ ಸಸಿ ಸಾಕುತ್ತಾಳೆ, ಮಗ ಗುಂಡಿ ತೋಡುತ್ತಾನೆ, ಸೊಸೆ ಲೆಕ್ಕ ಬರೆಯುತ್ತಾಳೆ. ಹೀಗೆ ತೋಟ ಮಾಡಿಕೊಟ್ಟು ಬದುಕುವ ಮನೆತನಗಳ ಕಾಯಕವನ್ನು ಕುರಿತು ಇಂದು ನಾಲ್ಕು ಮಾತು ಆಡೋಣ.

ಇಂಥ ಕಾಯಕ ಮೂರು ತಲೆಮಾರು ನಿಲ್ಲಬೇಕಾದರೆ ಏನು ಬೇಕು? ರೊಕ್ಕ ಬೇಕು ಅನ್ನುತ್ತೀರಿ. ರೊಕ್ಕ ಸಾಲವಾಗಿಯಾದರೂ ಸಿಕ್ಕೀತು. ತಿದ್ದುವ ಗುರು ಸಾಲಕ್ಕೆ ಸಿಗುವುದಿಲ್ಲ. ತಿದ್ದಿಸಿಕೊಳ್ಳುವ ಮನಸ್ಸಂತೂ ಇನ್ನೂ ದುರ್ಲಭ.

ಶೂನ್ಯಸಂಪಾದನೆಯಲ್ಲಿ ಗೊಗ್ಗಯ್ಯನ ಪ್ರಸಂಗ ಬರುತ್ತದೆ. ಗೊಗ್ಗಯ್ಯ ತೋಟಿಗ. ಅಲ್ಲಮಪ್ರಭುಗಳು ಅವನಿಗೆ, 'ಈ ಕೆಲಸ ಕೀಳು, ಬಿಟ್ಟು ಬಾ' ಎಂದು ಹೇಳಲಿಲ್ಲ. ತೋಟದ ಮಾತಿನಲ್ಲಿಯೇ ಅವನ ಒಳಗಿನ ತೋಟವನ್ನು ತೋರಿಸಿದರು. ಗುರುವೆಂದರೆ ಹೀಗೆ. ನಿನ್ನ ಕಾಯಕವನ್ನು ಬಿಡಿಸುವುದಿಲ್ಲ. ಅದರೊಳಗೇ ನಿನ್ನ ಕಣ್ಣು ತೆರೆಸುತ್ತಾನೆ.

ಇದು ಶರಣರ ಕಾಲದ ಮಾತಾಯಿತು ಅನ್ನಬೇಡಿರಿ. ಬೆಂಗಳೂರಿನ ಲಾಲಬಾಗನ್ನು ನೋಡಿರಿ. 1908ರಲ್ಲಿ ಅಲ್ಲಿಗೆ ಕ್ರುಂಬಿಗಲ್ ಎಂಬ ಜರ್ಮನ್ ತೋಟಗಾರಿಕೆ ಪಂಡಿತರು ಬಂದರು. ಒಂದು ಜಾತಿಯ ಮರ ಹೂವುದುರಿಸುವ ಹೊತ್ತಿಗೆ ಇನ್ನೊಂದು ಜಾತಿಯ ಮರ ಅರಳಬೇಕು, ಊರಿನ ಬೀದಿಯಲ್ಲಿ ವರ್ಷವೆಲ್ಲ ಹೂ ಇರಬೇಕು ಎಂದು ಲೆಕ್ಕ ಹಾಕಿ ಮರ ನೆಡಿಸಿದರು. ಅವರ ಕೈಕೆಳಗೆ ಪಳಗಿದ ಎಚ್. ಸಿ. ಜವರಾಯರು 1932ರಲ್ಲಿ ಆ ಹೊಣೆ ಹೊತ್ತರು. 1951ರಲ್ಲಿ ಎಂ. ಎಚ್. ಮರಿಗೌಡರು ಬಂದರು. 1963ರಲ್ಲಿ ತೋಟಗಾರಿಕೆಗೆ ಬೇರೆ ಇಲಾಖೆಯೇ ಆಯಿತು. ಮರಿಗೌಡರು ನಾಡಿನ ಉದ್ದಗಲಕ್ಕೂ ತೋಟಗಾರಿಕೆ ಕ್ಷೇತ್ರಗಳನ್ನೂ ಸಸಿಮಡಿಗಳನ್ನೂ ತೆರೆಸಿ ಅರಮನೆಯ ವಿದ್ಯೆಯನ್ನು ರೈತನ ಬಾಗಿಲಿಗೆ ತಂದರು. ಒಬ್ಬರು ಜರ್ಮನಿಯವರು, ಉಳಿದವರು ಕನ್ನಡ ನೆಲದವರು, ರಕ್ತಸಂಬಂಧವಿಲ್ಲ. ಆದರೂ ಅದೊಂದು ಮನೆತನ. ಗುರುವಿನ ಕೈ ಶಿಷ್ಯನ ಕೈಗೆ ಇಳಿದು ಬಂದರೆ ಅದೇ ವಂಶ.

ಗುರು ಹೊರಗೇ ಇರಬೇಕೆಂದಿಲ್ಲ. ಲಿಂಗಸುಗೂರು ಸೀಮೆಯ ಅಮರೇಶ್ವರದವರು ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ದಾಸೋಹ ಮಾಡುತ್ತಿದ್ದ ದಂಪತಿಗಳು. ಒಂದು ದಿನ ಮಾರಯ್ಯ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಒಳಗೆ ಸೇರಿಸಲಿಲ್ಲ. ಎಲ್ಲಿಂದ ತಂದಿರೋ ಅಲ್ಲಿಯೇ ಸುರಿದು ಬನ್ನಿರೆಂದು ಕಳಿಸಿದಳು. ಹೆಂಡತಿಯೇ ಅಂದು ಗುರುವಾದಳು. ಚೆನ್ನಬಸವಣ್ಣನವರು ವಯಸ್ಸಿನಲ್ಲಿ ಚಿಕ್ಕವರು, ಸಂಬಂಧದಲ್ಲಿ ಸೋದರಳಿಯ; ಬಸವಣ್ಣನವರು ಅವರ ಅರಿವಿಗೆ ತಲೆಬಾಗಿದರು. ನಿಮ್ಮ ಮಗ ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಓದಿ ಬಂದು, 'ಅಪ್ಪಾ, ಈ ಗಿಡ ಈ ಮಣ್ಣಿಗೆ ಒಗ್ಗೋದಿಲ್ಲ' ಅಂದರೆ, 'ನನಗೇ ಹೇಳಾಕ ಬಂದೆಯಾ?' ಎಂದು ಗದರಬೇಡಿರಿ.

ಈಗ ನಿಮ್ಮ ಕಾಯಕದ ಪರೀಕ್ಷೆ ಯಾವಾಗ ಬರುತ್ತದೆ, ಕೇಳಿರಿ. ಸಾವ್ಕಾರರೊಬ್ಬರು ಕರೆದು, 'ಅಂಗಳದ ಬೇವು ಕಡಿದು ತುಂಬ ಹುಲ್ಲು ಹಾಸಿರಿ, ಕೇಳಿದಷ್ಟು ರೊಕ್ಕ ಕೊಡ್ತೀನಿ' ಅನ್ನುತ್ತಾರೆ. ಮನೆಯಲ್ಲಿ ಮದುವೆಯ ಖರ್ಚಿದೆ, ಸಾಲವಿದೆ. ಏನು ಹೇಳುತ್ತೀರಿ?

ನೀವು ಬಲ್ಲಿರಿ: ಎರೆಮಣ್ಣಿನಲ್ಲಿ ನೀರು ಬೇಗ ಬಸಿದು ಹೋಗುವುದಿಲ್ಲ. ನಿತ್ಯವೂ ನೀರುಣಿಸಿದರೆ ಅಡಿಯ ಉಪ್ಪು ಮೇಲೇರಿ ನೆಲ ಸವಳಾಗುತ್ತದೆ. ಬೇಸಿಗೆಯಲ್ಲಿ ಕಾಲುವೆ ನಿಂತರೆ ಹುಲ್ಲು ಒಣಗುತ್ತದೆ. ಕಾಲುವೆಯ ಕೊನೆಯಲ್ಲಿರುವ ರೈತ ಒಂದು ತಂಬಿಗೆ ನೀರಿಗೆ ಬಾಯಿ ಬಿಡುತ್ತಿರುವಾಗ ಅಂಗಳದ ಹುಲ್ಲಿಗೆ ನೀರು ಸುರಿಯುವುದು ಶೋಭೆಯೂ ಅಲ್ಲ. ಬಲ್ಲವನಾಗಿಯೂ ರೊಕ್ಕಕ್ಕೆ ಬಾಯಿ ಮುಚ್ಚಿಕೊಂಡರೆ ಗುರುವಿನಿಂದ ಕಲಿತದ್ದೆಲ್ಲ ವ್ಯರ್ಥ.

ಆಗ ಕೈಮುಗಿದು ಹೇಳಿರಿ: 'ಸಾವ್ಕಾರ್ರೇ, ಬೇವು ಇರಲಿ. ಅದರ ಬುಡಕ್ಕೆ ಕಟ್ಟೆ ಕಟ್ಟೋಣ. ಸುತ್ತ ಕಣಗಿಲೆ ಹಚ್ಚೋಣ. ಬಚ್ಚಲ ನೀರು ಹರಿಯುವ ಕಡೆ ಬಾಳೆ ಇಡೋಣ. ಕಡಿಮೆ ರೊಕ್ಕದಲ್ಲಿ ಆಗ್ತದೆ, ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ನೆರಳು ಇರ್ತದೆ.' ಕೇಳಿದರೆ ಒಳ್ಳೆಯದು. ಕೇಳದೆ ಬೇರೆಯವರನ್ನು ಕರೆದರೆ ಆ ರೊಕ್ಕ ನಿಮ್ಮದಲ್ಲ. ಅದು ಲಕ್ಕಮ್ಮ ತಿರುಗಿ ಕಳಿಸಿದ ಹೆಚ್ಚಿನ ಅಕ್ಕಿ ಎಂದು ತಿಳಿಯಿರಿ. ಅಂದು ರಾತ್ರಿ ಗಂಜಿ ಕುಡಿದರೂ ಮಕ್ಕಳಿಗೆ ಮುಖ ಕೊಟ್ಟು ಮಾತನಾಡಬಲ್ಲಿರಿ.

ಮಕ್ಕಳು ನೋಡುತ್ತಿರುತ್ತಾರೆ. ಗುದ್ದಲಿ ಹಿಡಿಯುವುದನ್ನು ಯಾರಾದರೂ ಕಲಿಸಿಯಾರು. ಬೇಡವೆನ್ನುವುದನ್ನು ಮನೆಯಲ್ಲಿಯೇ ಕಲಿಯಬೇಕು. ಅದನ್ನು ಕಲಿತ ಮನೆಯ ತೋಟ ಬಾಡುವುದಿಲ್ಲ.

ನಿಮ್ಮೆಲ್ಲರ ಕಾಯಕಕ್ಕೆ ಗುರುಕೃಪೆ ಇರಲಿ.