ವಿಕ್ರಮ್‌ಗೆ ಜಾಗ ಗೊತ್ತುಮಾಡಿದ್ದು



2023ರ ಆಗಸ್ಟ್ 23ರ ಸಂಜೆ ನಮ್ಮ ವಿಕ್ರಮ್ ಲ್ಯಾಂಡರ್ ಚಂದ್ರನ ದಕ್ಷಿಣ ಧ್ರುವದಲ್ಲಿ ಇಳಿಯಿತು ಎಂದು ಊರೆಲ್ಲ ಹೇಳಿಕೊಂಡು ಸಂಭ್ರಮಿಸಿತು. ಇಳಿದದ್ದು ನಿಜ. ಆದರೆ ಇಳಿದ ತಾಣವಿರುವುದು 69 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿ. ಧ್ರುವಕ್ಕೆ ಅಲ್ಲಿಂದ ಇನ್ನೂ 600 ಕಿಲೋಮೀಟರಿಗೂ ಹೆಚ್ಚು ದಾರಿಯಿದೆ. ಅಷ್ಟು ದೂರ ಹೋದವರು ಅಲ್ಲೇ ಯಾಕೆ ಇಳಿದರು?

ಧ್ರುವದ ಆಸೆ ಇದ್ದೇ ಇದೆ. ಅಲ್ಲಿನ ಕೆಲವು ಕುಳಿಗಳ ತಳಕ್ಕೆ ಬಿಸಿಲೇ ತಾಗುವುದಿಲ್ಲ, ಅಲ್ಲಿ ನೀರು ಮಂಜುಗಡ್ಡೆಯಾಗಿ ಉಳಿದಿದೆ. ಆದರೆ ವಿಕ್ರಮ್ ನಡೆಯಬೇಕಿದ್ದದ್ದು ಬಿಸಿಲಿನಿಂದ, ವರದಿ ಒಪ್ಪಿಸಬೇಕಿದ್ದದ್ದು ಭೂಮಿಗೆ. ಧ್ರುವದಲ್ಲಿ ನಿಂತವರಿಗೆ ತಿಂಗಳಲ್ಲಿ ಹೆಚ್ಚುಕಡಿಮೆ ಅರ್ಧ ಕಾಲ ಭೂಮಿ ಕಾಣುವುದೇ ಇಲ್ಲ. ವಿಕ್ರಮ್ ಇಳಿದಲ್ಲಿ ಅದು ಸದಾ ದಿಗಂತದ ಮೇಲೆಯೇ ಇರುತ್ತದೆ. ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನ ಆಂಟೆನಾಗಳಿಗೆ ಚಂದ್ರ ಮುಳುಗಿದರೂ ಬೇರೆ ದೇಶದ ಆಂಟೆನಾಗಳು ಕಿವಿಗೊಡಬಹುದಿತ್ತು.

ಇನ್ನು ನೆಲ. ಸುಗ್ಗಿಗೆ ಮುಂಚೆ ರೈತ ಕಣಕ್ಕೆ ಜಾಗ ನೋಡುವ ಹಾಗೆ ಇಸ್ರೋದವರೂ ಮಟ್ಟಸವಾದ, ಬಿಸಿಲು ಬೀಳುವ, ಕಲ್ಲಿಲ್ಲದ ನೆಲ ಹುಡುಕಿದರು. ಇಳಿಜಾರು 4 ಡಿಗ್ರಿ ಮೀರಬಾರದು. ಬಂಡೆಗಳು 32 ಸೆಂಟಿಮೀಟರಿಗಿಂತ ದೊಡ್ಡವಿರಬಾರದು. ಕನಿಷ್ಠ 11–12 ದಿನ ಬಿಸಿಲಿರಬೇಕು. ಅಷ್ಟು ಚಿಕ್ಕ ಕಲ್ಲನ್ನು ಗುರುತಿಸಿಕೊಟ್ಟದ್ದು ಚಂದ್ರಯಾನ-2ರ ಆರ್ಬಿಟರ್. 2019ರಲ್ಲಿ ಆ ಯಾನದ ಲ್ಯಾಂಡರ್ ನೆಲಕ್ಕಪ್ಪಳಿಸಿತಾದರೂ ಮೇಲೆ ಸುತ್ತುತ್ತಿದ್ದ ಆರ್ಬಿಟರ್‌ನ ಕ್ಯಾಮೆರಾ ತಣ್ಣಗೆ ಕೆಲಸ ಮಾಡುತ್ತಲೇ ಇತ್ತು.

ತೊಡಕು ಇರುವುದು ನೆರಳಿನಲ್ಲಿ. ಅಲ್ಲಿ ನಡುಮಧ್ಯಾಹ್ನವೂ ಸೂರ್ಯ ದಿಗಂತದಿಂದ ಇಪ್ಪತ್ತು ಡಿಗ್ರಿಯ ಆಸುಪಾಸಿಗೆ ಏರುವುದಷ್ಟೇ. ಒಂದು ಮೀಟರ್ ಎತ್ತರದ ಕಲ್ಲಿನ ನೆರಳು ಆಗಲೂ ಎರಡೂವರೆ ಮೀಟರಿಗೂ ಹೆಚ್ಚು ಚಾಚುತ್ತದೆ. ಅದರೊಳಗೆ ಗುಂಡಿಯೊಂದು ಅಡಗಿದ್ದರೆ ತಿಳಿಯುವುದು ಕಷ್ಟ. ಮಧ್ಯಾಹ್ನ ಇಳಿಯೋಣವೆಂದರೆ ಚಂದ್ರನ ಹಗಲು ನಮ್ಮ ಹದಿನಾಲ್ಕು ದಿನಗಳಷ್ಟೇ, ಅರ್ಧ ಕೈತಪ್ಪುತ್ತದೆ. ಹಾಗಾಗಿ ನೆರಳು ಉದ್ದವಾಗಿರುವ ಅಲ್ಲಿನ ಬೆಳಗಿನಲ್ಲೇ ಇಳಿಯಬೇಕಾಯಿತು. ಆ ದಿನ ಏನಾದರೂ ಸರಿಕಾಣದಿದ್ದರೆ ಆಗಸ್ಟ್ 27ಕ್ಕೆ ಮುಂದೂಡುವ ಯೋಚನೆಯಿತ್ತು; ಅಷ್ಟರಲ್ಲಿ ಬೆಳಗು ಸರಿದಿರುತ್ತದಾದ್ದರಿಂದ ಇಳಿದಾಣವೂ ನೂರಾರು ಕಿಲೋಮೀಟರ್ ಪಶ್ಚಿಮಕ್ಕೆ ಸರಿಯಬೇಕಿತ್ತು.

2019ರಲ್ಲಿ ಗುರಿಯಿಟ್ಟದ್ದು 500 ಮೀಟರ್ ಚೌಕಕ್ಕೆ. 2023ರಲ್ಲಿ ಆ ಗುರಿಯ ಜಾಗ 4 ಕಿಲೋಮೀಟರ್ ಉದ್ದ, 2.4 ಕಿಲೋಮೀಟರ್ ಅಗಲ. ನನ್ನ ಮಟ್ಟಿಗೆ ಇಡೀ ಯೋಜನೆಯಲ್ಲಿ ಇದೇ ಜಾಣತನದ ತೀರ್ಮಾನ. ಜಾಗ ಆಯುವುದು ಎಷ್ಟು ಮುಖ್ಯವೆಂಬುದು ಆಮೇಲೂ ಕಂಡಿತು: ಅಮೆರಿಕದ ಖಾಸಗಿ ಲ್ಯಾಂಡರ್ ಅಥೀನಾ 2025ರ ಮಾರ್ಚ್‌ನಲ್ಲಿ ಧ್ರುವಕ್ಕೆ ಇನ್ನೂ ಹತ್ತಿರ ಹೋಗಿ, ಕುಳಿಯೊಂದರಲ್ಲಿ ಮಗುಚಿಬಿದ್ದು, ಮರುದಿನವೇ ಸುಮ್ಮನಾಯಿತು.

ಇಷ್ಟು ಸಪಾಟು ಜಾಗದಲ್ಲಿ ಸಿಗುವುದೇನು ಎಂದು ಕೇಳಬಹುದು. ವಿಕ್ರಮ್ ಹೊತ್ತೊಯ್ದಿದ್ದ ಪ್ರಗ್ಯಾನ್ ರೋವರ್ ಸುಮಾರು ನೂರು ಮೀಟರ್ ಓಡಾಡಿ 23 ಕಡೆ ಮಣ್ಣನ್ನು ಪರೀಕ್ಷಿಸಿತು. ಚಂದ್ರ ಒಂದು ಕಾಲಕ್ಕೆ ಕರಗಿದ ಶಿಲೆಯ ಕಡಲಾಗಿತ್ತೆಂಬ ವಾದಕ್ಕೆ ಆ ಮಣ್ಣು ಬಲ ಕೊಟ್ಟಿತು. ಅದರೊಂದಿಗೆ ಬೇರೊಂದು ಬಗೆಯ ಮಣ್ಣೂ ಬೆರೆತಿತ್ತು. ದಕ್ಷಿಣ ಧ್ರುವ–ಐಟ್‌ಕೆನ್ ಎಂಬ ಮಹಾಕುಳಿ ಉಂಟಾದಾಗ ಆಳದಿಂದ ಸಿಡಿದು ಬಂದು ಬಿದ್ದದ್ದು ಅದು ಎನ್ನುತ್ತಾರೆ ವಿಜ್ಞಾನಿಗಳು.