ಗಜೇಂದ್ರನ ಮೊರೆ: ಲೋಕದ ಕಲೆಗಳಲ್ಲಿ ಆನೆ ಹೇಳುವ ಮಾತು

(ಮುಂಬಯಿಯ ನಮ್ಮ ಶಾಖಾಮಠದ ವಾರ್ಷಿಕೋತ್ಸವದಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

ನಾನು ಶಾಸ್ತ್ರಾಧ್ಯಯನ ಮಾಡಿದವನಲ್ಲ. ಬ್ಯಾಂಕೊಂದರಲ್ಲಿ ದುಡಿದು ನಿವೃತ್ತನಾದವನು. ಬಿಡುವಿನಲ್ಲಿ ದೇಗುಲಗಳ ಶಿಲ್ಪಗಳನ್ನು ನೋಡುತ್ತ ಅಲೆದವನು. ಆದಕಾರಣ ಈ ಮಾತುಗಳಲ್ಲಿ ಗುಣವೇನಾದರೂ ಕಂಡರೆ ಅದು ಹಿರಿಯರದು, ದೋಷವೆಲ್ಲವೂ ನನ್ನದು ಎಂದು ಭಾವಿಸಿ ಕ್ಷಮಿಸಬೇಕಾಗಿ ಪ್ರಾರ್ಥನೆ.

ನಮ್ಮಲ್ಲಿ ಹಲವರು ಮಕ್ಕಳನ್ನು ಭಾಯಖಳಾದ ರಾಣಿಬಾಗಿಗೆ ಕರೆದೊಯ್ದಿರುತ್ತೇವೆ. ಅಲ್ಲಿನ ವಸ್ತುಸಂಗ್ರಹಾಲಯದ ಪಕ್ಕದಲ್ಲಿ ಕಲ್ಲಿನ ಆನೆಯೊಂದು ನಿಂತಿದೆ. ಅದು ಮೊದಲು ಇದ್ದುದು ಘಾರಾಪುರಿ ದ್ವೀಪದ ತೀರದಲ್ಲಿ. ಪೋರ್ಚುಗೀಸರು ಆ ದ್ವೀಪವನ್ನು ಎಲಿಫೆಂಟಾ ಎಂದು ಕರೆದದ್ದು ಈ ಆನೆಯ ಕಾರಣದಿಂದಲೇ. 1864ರಲ್ಲಿ ಅದನ್ನು ಇಂಗ್ಲೆಂಡಿಗೆ ಸಾಗಿಸುವ ಯತ್ನದಲ್ಲಿ ಮೂರ್ತಿ ಒಡೆದು ಚೂರಾಯಿತು. ಆ ತುಂಡುಗಳನ್ನು ಉದ್ಯಾನಕ್ಕೆ ತಂದಿರಿಸಿ, 1914ರಲ್ಲಿ ಪುನಃ ಜೋಡಿಸಿ ನಿಲ್ಲಿಸಿದರು. ಬಾಲ್ಯದಲ್ಲಿ ನನ್ನ ತೀರ್ಥರೂಪರು ನನ್ನನ್ನು ಅದರ ಮುಂದೆ ನಿಲ್ಲಿಸಿ ಈ ಕಥೆಯನ್ನು ಹೇಳಿದ್ದರು. ಇಷ್ಟು ದೊಡ್ಡ ಆನೆಯೂ ಒಡೆಯುತ್ತದೆಯೇ ಎಂದು ನಾನು ಬೆರಗಾದದ್ದು ನೆನಪಿದೆ. ಇಂದಿನ ಮಾತಿಗೆ ಆ ಬೆರಗೇ ಬೀಜ.

ಆನೆ ಏತರ ಸಂಕೇತ ಎಂದು ಕೇಳಿದರೆ, ಬಲದ ಸಂಕೇತ, ಐಶ್ವರ್ಯದ ಸಂಕೇತ ಎಂಬ ಉತ್ತರ ಕೂಡಲೇ ಬರುತ್ತದೆ. ಅದು ಸುಳ್ಳಲ್ಲ. ಇಂದ್ರನ ವಾಹನ ಐರಾವತ. ಲಕ್ಷ್ಮೀದೇವಿಗೆ ಅಭಿಷೇಕ ಮಾಡುವವು ಎರಡು ಆನೆಗಳು. ಮೈಸೂರಿನ ದಸರೆಯಲ್ಲಿ ಚಿನ್ನದ ಅಂಬಾರಿಯನ್ನು ಹೊರುವುದು ಆನೆ. ನಮ್ಮ ಭೀಮಸೇನದೇವರ ಬಲವನ್ನು ಹೇಳುವಾಗಲೂ ಹತ್ತು ಸಾವಿರ ಆನೆಗಳ ಬಲ ಎಂದೇ ಎಣಿಸುವುದು. ಆದರೆ ಬೇರೆ ಬೇರೆ ಮತಗಳ ಕಥೆಗಳನ್ನೂ ಶಿಲ್ಪಗಳನ್ನೂ ಅಕ್ಕಪಕ್ಕದಲ್ಲಿರಿಸಿ ನೋಡುತ್ತ ಹೋದಂತೆ ನನಗೆ ಬೇರೊಂದು ಸಂಗತಿ ಗೋಚರಿಸಿತು. ಕಲೆಗಾರರೂ ಕಥೆಗಾರರೂ ಮತ್ತೆ ಮತ್ತೆ ಮನಸೋತದ್ದು ಆನೆಯ ಬಲಕ್ಕಲ್ಲ. ಆ ಬಲವು ಮಣಿಯುವ, ಸೋಲುವ, ಮೊರೆಯಿಡುವ ಗಳಿಗೆಗೆ.

ನಮ್ಮ ಭಾಷೆಯೇ ಇದಕ್ಕೆ ಸೂಚನೆ ಕೊಡುತ್ತದೆ. ಗಂಡಾನೆಯ ಕಣ್ಣು ಕಿವಿಗಳ ನಡುವಿನಿಂದ ಕಾಲವಿಶೇಷದಲ್ಲಿ ಸ್ರವಿಸುವ ದ್ರವಕ್ಕೆ ಮದವೆಂದು ಹೆಸರು. ಕಾಮಕ್ರೋಧಾದಿ ಅರಿಷಡ್ವರ್ಗದಲ್ಲಿ ಐದನೆಯದಕ್ಕೂ ಅದೇ ಹೆಸರು. ಮದವೇರಿದ ಆನೆಗೆ ಮಾವುತನ ಮಾತು ಕೇಳಿಸದು. ಮದವೇರಿದ ಮನುಷ್ಯನಿಗೆ ಯಾರ ಮಾತೂ ಕೇಳಿಸದು.

ಬೌದ್ಧರಲ್ಲಿ ನಾಲಾಗಿರಿ ಎಂಬ ಆನೆಯ ಕಥೆಯಿದೆ. ದೇವದತ್ತನು ಬುದ್ಧನ ಪ್ರಾಣಹರಣಕ್ಕಾಗಿ ರಾಜಗೃಹದ ಬೀದಿಯಲ್ಲಿ ಆ ಮದ್ದಾನೆಯನ್ನು ಬಿಡಿಸುತ್ತಾನೆ. ಮೈತ್ರಿಭಾವದಿಂದ ನಿಂತ ಬುದ್ಧನ ಮುಂದೆ ಅದು ಮಂಡಿಯೂರುತ್ತದೆ. ಅಮರಾವತಿಯ ಶಿಲ್ಪಿ ಒಂದೇ ವೃತ್ತಫಲಕದಲ್ಲಿ ಆ ಆನೆಯನ್ನು ಎರಡು ಬಾರಿ ಕೆತ್ತಿದ್ದಾನೆ. ಒಂದೆಡೆ ಜನರನ್ನು ತುಳಿಯುತ್ತ ಬರುವ ಆನೆ, ಇನ್ನೊಂದೆಡೆ ಬಾಗಿದ ಆನೆ. ಚೆನ್ನೈಗೆ ಹೋದವರು ಅಲ್ಲಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿ ಇದನ್ನು ನೋಡಬಹುದು.

ಜೈನರ ಕಥೆಯಲ್ಲಂತೂ ಆನೆಯೇ ಇಲ್ಲದೆ ಆನೆಯ ಮಾತು ಬರುತ್ತದೆ. ಬಾಹುಬಲಿ ಮೈಮೇಲೆ ಬಳ್ಳಿ ಹಬ್ಬುವವರೆಗೂ ತಪಸ್ಸಿನಲ್ಲಿ ನಿಂತರೂ ಜ್ಞಾನ ಸಿದ್ಧಿಸಲಿಲ್ಲ. ಆಗ ಸೋದರಿಯರಾದ ಬ್ರಾಹ್ಮೀ ಸುಂದರಿಯರು ಬಂದು, ಅಣ್ಣ, ಆನೆಯಿಂದ ಕೆಳಗಿಳಿ ಎಂದರಂತೆ. ನೆಲದ ಮೇಲೆ ನಿಂತವನಿಗೆ ಎಲ್ಲಿಯ ಆನೆ? ಯೋಚಿಸಿದಾಗ, ತನಗಿಂತ ಮೊದಲು ದೀಕ್ಷೆ ಪಡೆದ ಕಿರಿಯ ತಮ್ಮಂದಿರಿಗೆ ನಾನೇಕೆ ನಮಸ್ಕರಿಸಲಿ ಎಂಬ ಅಭಿಮಾನವೇ ಆ ಆನೆ ಎಂದು ಅವನಿಗೆ ಹೊಳೆಯಿತು. ನಮಸ್ಕರಿಸಲೆಂದು ಹೆಜ್ಜೆಯೆತ್ತಿದ ಕ್ಷಣವೇ ಜ್ಞಾನವಾಯಿತು. ಇದು ಶ್ವೇತಾಂಬರ ಪರಂಪರೆಯ ನಿರೂಪಣೆ. ಶ್ರವಣಬೆಳಗೊಳದಲ್ಲಿ ಚಾವುಂಡರಾಯನು 981ರ ಸುಮಾರಿಗೆ ನಿಲ್ಲಿಸಿದ ಆ ಮಹಾಮೂರ್ತಿಯನ್ನು ನೋಡುವಾಗ ಈ ಕಥೆಯನ್ನು ನೆನೆದರೆ ದರ್ಶನಕ್ಕೆ ಬೇರೊಂದು ಅರ್ಥವೇ ಬರುತ್ತದೆ.

ಭಾರತದ ಹೊರಗೂ ಇದೇ ಧ್ವನಿ ಕೇಳಿಸುತ್ತದೆ. ಕುರ್‌ಆನಿನ 105ನೆಯ ಅಧ್ಯಾಯದ ಹೆಸರೇ ಆನೆ. ಅಬ್ರಹಾ ಎಂಬ ದೊರೆ ಆನೆಯ ದಂಡಿನೊಡನೆ ಮೆಕ್ಕೆಯ ಮೇಲೆ ಏರಿ ಬಂದು ನಾಶವಾದ ಪ್ರಸಂಗ ಅದು. ಮುಂಚೂಣಿಯ ಆನೆಯು ಮೆಕ್ಕೆಯತ್ತ ಮುಖ ಮಾಡಿಸಿದಾಗಲೆಲ್ಲ ಮಂಡಿಯೂರಿ ಕುಳಿತುಬಿಟ್ಟಿತು, ಎಷ್ಟು ಹೊಡೆದರೂ ಏಳಲಿಲ್ಲ ಎಂದು ಅವರ ಐತಿಹ್ಯ ಹೇಳುತ್ತದೆ. ರೋಮ್ ನಗರದ ಚೌಕವೊಂದರಲ್ಲಿ ಬರ್ನಿನಿಯ ಕಲ್ಪನೆಯಂತೆ 1667ರಲ್ಲಿ ನಿಲ್ಲಿಸಿದ ಕಲ್ಲಾನೆಯೊಂದಿದೆ. ಬೆನ್ನಿನ ಮೇಲೆ ಈಜಿಪ್ಟಿನ ಪುರಾತನ ಶಿಲಾಸ್ತಂಭವನ್ನು ಹೊತ್ತಿರುವ ಅದು, ಜ್ಞಾನದ ಭಾರ ಹೊರಲು ದೃಢವಾದ ಮನಸ್ಸು ಬೇಕೆಂಬುದನ್ನು ಸಾರುತ್ತದೆ. ಹಳೇಬೀಡಿನ ದೇಗುಲದ ಭಿತ್ತಿಯಲ್ಲೂ ಎಲ್ಲಕ್ಕಿಂತ ಕೆಳಗಿನ ಸಾಲು ಆನೆಗಳದೇ. ದೇವತಾಮೂರ್ತಿಗಳೆಲ್ಲ ಮೇಲೆ; ಹೊರುವವನು ಕೆಳಗೆ.

ಆದರೆ ನನ್ನನ್ನು ಅತ್ಯಂತ ಚಕಿತಗೊಳಿಸಿದ್ದು ಯೂರೋಪಿನ ಕ್ರೈಸ್ತರ ಹಳೆಯ ಪ್ರಾಣಿಕಥೆಗಳಲ್ಲಿ ಬರುವ ಆನೆ. ಆನೆಯ ಕಾಲಿಗೆ ಕೀಲುಗಳಿಲ್ಲವೆಂದು ಅವರು ತಪ್ಪಾಗಿ ತಿಳಿದಿದ್ದರು. ಹಾಗಾಗಿ ಅದು ಮರಕ್ಕೆ ಒರಗಿ ನಿದ್ರಿಸುತ್ತದೆ; ಬೇಟೆಗಾರ ಮರವನ್ನು ಮೊದಲೇ ಅರ್ಧ ಕಡಿದಿಟ್ಟರೆ ಮರದೊಡನೆ ಆನೆಯೂ ಉರುಳುತ್ತದೆ; ಬಿದ್ದ ಆನೆ ತಾನಾಗಿ ಏಳಲಾರದು. ಅದು ಘೀಳಿಡುತ್ತದೆ. ದೊಡ್ಡ ಆನೆಯೊಂದು ಬರುತ್ತದೆ, ಎತ್ತಲಾಗುವುದಿಲ್ಲ. ಹನ್ನೆರಡು ಆನೆಗಳು ಬರುತ್ತವೆ, ಅವುಗಳಿಂದಲೂ ಆಗುವುದಿಲ್ಲ. ಕೊನೆಗೆ ಒಂದು ಪುಟ್ಟ ಆನೆ ಬಂದು ಸೊಂಡಿಲನ್ನು ಕೆಳಗೆ ತೂರಿಸಿ ಎಬ್ಬಿಸುತ್ತದೆ. ಆ ಪುಟ್ಟ ಆನೆಯೇ ಮನುಷ್ಯನಾಗಿ ಇಳಿದು ಬಂದ ತಮ್ಮ ಉದ್ಧಾರಕನೆಂದು ಅವರು ವ್ಯಾಖ್ಯಾನಿಸಿದರು. ಮತ ಬೇರೆ, ದೇಶ ಬೇರೆ, ಸಿದ್ಧಾಂತವಂತೂ ತೀರ ಬೇರೆ. ಆದರೂ ಬಿದ್ದ ಆನೆ, ಕೈಲಾಗದ ಬಳಗ, ಒಂದು ಕೂಗು - ಇವು ನಮಗೆ ಎಷ್ಟು ಪರಿಚಿತ!

ಶ್ರೀಮದ್ಭಾಗವತದ ಎಂಟನೆಯ ಸ್ಕಂಧದ ಗಜೇಂದ್ರನನ್ನು ಸ್ಮರಿಸೋಣ. ತ್ರಿಕೂಟಪರ್ವತದ ಕಾಡಿನಲ್ಲಿ ಅವನು ಹಿಂಡಿನೊಡೆಯ. ಬಿಸಿಲಿನಿಂದ ಬಳಲಿ ಸರೋವರಕ್ಕಿಳಿದು, ನೀರು ಕುಡಿದು, ಹೆಣ್ಣಾನೆಗಳಿಗೂ ಮರಿಗಳಿಗೂ ಸೊಂಡಿಲಿನಿಂದ ನೀರೆರಚಿ ಮೀಯಿಸುತ್ತಾನೆ. ಸಂಸಾರದಲ್ಲಿ ಮೈಮರೆತ ಗೃಹಸ್ಥನಂತೆ ಎಂಬ ಹೋಲಿಕೆ ಅಲ್ಲಿಯೇ ಬರುತ್ತದೆ. ಆಗ ಮೊಸಳೆ ಕಾಲನ್ನು ಹಿಡಿಯುತ್ತದೆ. ಸಾವಿರ ವರ್ಷಗಳ ಸೆಣಸಾಟ. ನೀರಿನಲ್ಲಿ ಆನೆಯ ಬಲ ಕುಗ್ಗುತ್ತದೆ. ನೀರೇ ಮನೆಯಾದ ಮೊಸಳೆಯ ಬಲ ಹೆಚ್ಚುತ್ತದೆ. ಬಂಧುಗಳಾದ ಆನೆಗಳು ಎಳೆದು ಸೋಲುತ್ತವೆ. ಇವರಿಂದಾಗದು, ನನ್ನಿಂದಲೂ ಆಗದು ಎಂಬ ಅರಿವಾದಾಗ, ಹಿಂದಿನ ಜನ್ಮದಲ್ಲಿ ಕಲಿತಿದ್ದ ಸ್ತೋತ್ರವು ಗಜೇಂದ್ರನ ನಾಲಿಗೆಗೆ ಬರುತ್ತದೆ.

ಆ ಹಿಂದಿನ ಜನ್ಮದಲ್ಲಿ ಅವನು ಇಂದ್ರದ್ಯುಮ್ನನೆಂಬ ಪಾಂಡ್ಯರಾಜ, ಹರಿಭಕ್ತ. ಮೌನವಾಗಿ ಪೂಜೆಯಲ್ಲಿ ಕುಳಿತಿದ್ದಾಗ ಅಗಸ್ತ್ಯರು ಶಿಷ್ಯರೊಡನೆ ಬಂದರೂ ಏಳಲಿಲ್ಲ, ಸತ್ಕರಿಸಲಿಲ್ಲ. ಆನೆಯಂತೆ ಜಡಬುದ್ಧಿಯಾದ ನೀನು ಆನೆಯೇ ಆಗೆಂದು ಶಾಪ ಬಂತು. ಪೂಜೆಯ ಫಲ ನಾಶವಾಗಲಿಲ್ಲ. ಸ್ತೋತ್ರದ ಸ್ಮರಣೆಯಾಗಿ ಒದಗಿತು. ಆದರೆ ಹಿರಿಯರ ಮುಂದೆ ಬಾಗದ ಬೆನ್ನಿಗೆ ಆನೆಯ ಬೆನ್ನೇ ಬಂತು.

ಗಜೇಂದ್ರನು ಒಂದು ಹೆಸರು ಹಿಡಿದು ಕರೆಯಲಿಲ್ಲ. ಯಾರಿಂದ ಈ ಜಗತ್ತೋ, ಯಾರ ಅಧೀನದಲ್ಲಿ ಎಲ್ಲವೂ ಇದೆಯೋ ಅವನನ್ನು ಕರೆದ. ಬ್ರಹ್ಮಾದಿ ದೇವತೆಗಳು ಬರಲಿಲ್ಲ, ಶ್ರೀಹರಿಯೇ ಗರುಡಾರೂಢನಾಗಿ ಬಂದ ಎಂದು ಭಾಗವತ ಹೇಳುತ್ತದೆ. ಇದರಿಂದ ದೇವತೆಗಳ ಮಹಿಮೆಗೆ ಕೊರತೆಯಿಲ್ಲ. ತತ್ತ್ವವು ಸ್ವತಂತ್ರ, ಅಸ್ವತಂತ್ರವೆಂದು ಎರಡು ವಿಧ. ವಿಷ್ಣುವೊಬ್ಬನೇ ಸ್ವತಂತ್ರನೆಂದು ಶ್ರೀಮದಾಚಾರ್ಯರು ಸಾರಿದ ಪ್ರಮೇಯಕ್ಕೆ ಈ ಸರೋವರವೇ ನಿದರ್ಶನವಾಗಿ ನಿಂತಿದೆ. ಮಾಂಡೂಕ್ಯದ ಭಾಷ್ಯದಲ್ಲಿ ಅವರು, ನಮ್ಮ ಜಾಗ್ರದವಸ್ಥೆಯನ್ನು ನಡೆಸುವ ಭಗವಂತನ ವಿಶ್ವರೂಪಕ್ಕೆ 19 ಮುಖಗಳನ್ನು ಹೇಳಿ, ನಡುವಿನದು ಗಜಮುಖವೆಂದು ತಿಳಿಸಿದ್ದಾರೆ. ಬಲಗಣ್ಣಿನಲ್ಲಿ ನಿಂತು ನಮಗೆ ಎಚ್ಚರವನ್ನು ಕೊಡುವವನು ಅವನು. ಎಚ್ಚರವಾಗಿರುವುದೂ ನಮ್ಮ ಸ್ವಾತಂತ್ರ್ಯವಲ್ಲ ಎಂದ ಮೇಲೆ ಬಲದ ಮಾತೇನು?

ಉತ್ತರಪ್ರದೇಶದ ದೇವಗಢದಲ್ಲಿ ಗುಪ್ತರ ಕಾಲದ ವಿಷ್ಣುದೇಗುಲವೊಂದಿದೆ. ಅದರ ಉತ್ತರದ ಭಿತ್ತಿಯಲ್ಲಿ ಗಜೇಂದ್ರಮೋಕ್ಷವನ್ನು ಕೆತ್ತಿದ್ದಾರೆ. ಅಲ್ಲಿ ಮೊಸಳೆ ಇಲ್ಲ! ತಾವರೆಗಳ ನಡುವೆ ಆನೆಯ ಕಾಲುಗಳನ್ನು ಸುತ್ತಿರುವುದು ನಾಗ. ಗ್ರಾಹವೆಂದರೆ ಹಿಡಿದುಕೊಳ್ಳುವುದು ಎಂದಷ್ಟೇ ಅರ್ಥ. ಶಿಲ್ಪಿಯು ಅದಕ್ಕೆ ನಾಗರೂಪ ಕೊಟ್ಟಿದ್ದಾನೆ. ಗರುಡನ ಮೇಲೆ ಇಳಿದು ಬರುತ್ತಿರುವ ಹರಿಯ ಮುಂದೆ ಆ ನಾಗನೂ ಕೈಮುಗಿದಿದ್ದಾನೆ. ಹಿಡಿಯಲ್ಪಟ್ಟವನು ಮಾತ್ರವಲ್ಲ, ಹಿಡಿದವನೂ ಅವನಿಗೇ ಅಧೀನ. ಭಾಗವತದಲ್ಲಿಯೂ ಹಾಗೆಯೇ, ಮೊಸಳೆಯಾಗಿದ್ದ ಹೂಹೂ ಎಂಬ ಗಂಧರ್ವನಿಗೂ ಆ ಚಕ್ರದಿಂದ ಶಾಪವಿಮೋಚನೆಯಾಯಿತಷ್ಟೆ.

ಇನ್ನು ಸ್ವಂತದ ಒಂದು ಮಾತು. ನನ್ನ ತೀರ್ಥರೂಪರು ಮಾಟುಂಗದ ಹೋಟೆಲೊಂದರ ಅಡುಗೆಮನೆಯಲ್ಲಿ ದುಡಿಯುತ್ತಿದ್ದರು. ನಸುಕಿನಲ್ಲಿ ಎದ್ದು ಗಜೇಂದ್ರಮೋಕ್ಷವನ್ನು ಪಠಿಸಿದ ಬಳಿಕವೇ ಒಲೆಯ ಕೆಲಸ. ಕಾಲೇಜಿನ ದಿನಗಳಲ್ಲಿ ನಾನೊಮ್ಮೆ, "ಅಪ್ಪಯ್ಯ, ಇಷ್ಟು ವರ್ಷದಿಂದ ಕೂಗುತ್ತಿದ್ದೀರಿ, ಯಾವ ಮೊಸಳೆ ನಿಮ್ಮನ್ನು ಹಿಡಿದಿದೆ?" ಎಂದು ಗೇಲಿ ಮಾಡಿದ್ದೆ. ಅವರು ಸಿಟ್ಟಾಗಲಿಲ್ಲ. "ಹಿಡಿದ ಮೇಲೆ ಕಲಿಯುವುದಕ್ಕೆ ಪುರುಸೊತ್ತು ಇರುವುದಿಲ್ಲ ಮಾಣಿ" ಎಂದಷ್ಟೇ ಅಂದರು. ಮುಂದೆ ನಾನು ಅಧಿಕಾರಿಯಾದೆ. ಕೈಕೆಳಗೆ ಜನರಿದ್ದರು. ಯಾರ ಹತ್ತಿರವೂ ಏನನ್ನೂ ಕೇಳದವನೆಂಬ ಹೆಮ್ಮೆ ನನಗಿತ್ತು.

2005ರ ಜುಲೈ 26ನ್ನು ಮುಂಬಯಿಯವರು ಮರೆಯಲಾರರು. ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. ಕಚೇರಿಯಿಂದ ಮನೆಗೆ ನಡೆದು ಹೊರಟ ನಾನು ಕತ್ತಲಲ್ಲಿ ಎದೆಮಟ್ಟದ ನೀರಿನಲ್ಲಿದ್ದಾಗ ನನ್ನ ಕಾಲು ಕೆಳಗೆ ಯಾವುದೋ ಕಬ್ಬಿಣದ ಸರಳುಗಳ ನಡುವೆ ಸಿಲುಕಿತು. ಎಳೆದಷ್ಟೂ ಬಿಗಿಯಿತು. ನೀರು ಏರುತ್ತಿತ್ತು. ಬಹಳ ಹೊತ್ತು ನಾನು ಕೂಗಲಿಲ್ಲ. ಕೂಗುವುದಕ್ಕೆ ನಾಚಿಕೆಯಾಯಿತು ಎಂದರೆ ನೀವು ನಂಬಬೇಕು. ಕೊನೆಗೆ ಕೂಗಿದೆ. ತೀರ್ಥರೂಪರ ಬಾಯಲ್ಲಿ ಕೇಳಿದ್ದ ಸ್ತೋತ್ರದ ಒಂದು ಪದವೂ ನೆನಪಾಗಲಿಲ್ಲ. ಬಾಯಿಗೆ ಬಂದದ್ದು 'ನಾರಾಯಣ' ಎಂಬುದೊಂದೇ. ಪಕ್ಕದ ಚಾಳಿನಿಂದ ಹದಿನಾರು ಹದಿನೇಳರ ಹುಡುಗನೊಬ್ಬ ಹಗ್ಗ ಹಿಡಿದು ಬಂದು, ನೀರಿನಲ್ಲಿ ಮುಳುಗಿ, ಸರಳನ್ನು ಸರಿಸಿ ನನ್ನ ಕಾಲನ್ನು ಬಿಡಿಸಿದ. ಅವನ ಹೆಸರನ್ನೂ ನಾನು ಕೇಳಲಿಲ್ಲ. ಹಿಂದಿರುಗಿ ನೋಡುವಷ್ಟರಲ್ಲಿ ಇನ್ನೊಬ್ಬರ ಕೂಗಿನತ್ತ ಹೋಗಿದ್ದ. ಆ ಪ್ರಾಣಿಕಥೆಯನ್ನು ಮುಂದೆ ಓದಿದಾಗ ಪುಟ್ಟ ಆನೆಯ ಜಾಗದಲ್ಲಿ ನನಗೆ ಕಂಡದ್ದು ಆ ಹುಡುಗನ ಮುಖವೇ. ಅವನೊಳಗೆ ನಿಂತು ಬಂದವನು ಯಾರೆಂಬುದರಲ್ಲಿ ನನಗೆ ಸಂದೇಹವಿಲ್ಲ. ಇದನ್ನು ಹೇಳಿ ಕ್ಷಮೆ ಕೇಳೋಣವೆಂದರೆ ತೀರ್ಥರೂಪರು ಆ ವೇಳೆಗೆ ಹರಿಪಾದವನ್ನು ಸೇರಿ ನಾಲ್ಕು ವರ್ಷವಾಗಿತ್ತು.

ಮುಗಿಸುವ ಮುನ್ನ ಒಂದು ವಿಜ್ಞಾಪನೆ. ನಮಗೆ ಇಷ್ಟೆಲ್ಲ ಅರ್ಥಗಳನ್ನು ಹೊತ್ತು ತಂದ ಪ್ರಾಣಿ ಇಂದು ತಾನೇ ಕಷ್ಟದಲ್ಲಿದೆ. 2010ರಲ್ಲಿ ಭಾರತ ಸರಕಾರವು ಆನೆಯನ್ನು ರಾಷ್ಟ್ರೀಯ ಪರಂಪರೆಯ ಪ್ರಾಣಿಯೆಂದು ಘೋಷಿಸಿತು. 2025ರಲ್ಲಿ ಪ್ರಕಟವಾದ ಗಣತಿಯಂತೆ ದೇಶದಲ್ಲಿರುವ ಕಾಡಾನೆಗಳು ಸುಮಾರು 22 ಸಾವಿರ. ಅತಿ ಹೆಚ್ಚು ಇರುವುದು ನಮ್ಮ ಕರ್ನಾಟಕದಲ್ಲಿಯೇ. ಕಾಡಿನ ದಾರಿಗಳು ತುಂಡಾಗಿ ಅವು ಹಳಿಗಳ ಮೇಲೂ ತಂತಿಬೇಲಿಗಳಲ್ಲೂ ಸಾಯುತ್ತಿವೆ. ಅವುಗಳ ಕಾಲ್ತುಳಿತಕ್ಕೆ ಬಡ ರೈತರೂ ಬಲಿಯಾಗುತ್ತಿದ್ದಾರೆ. ಕೇರಳದ ತ್ರಿಶೂರು ಜಿಲ್ಲೆಯ ಕೃಷ್ಣದೇಗುಲವೊಂದು 2023ರಲ್ಲಿ ಉತ್ಸವಕ್ಕಾಗಿ ಯಂತ್ರದ ಆನೆಯನ್ನು ತಂದಿತು. ಸಂಪ್ರದಾಯದ ದೃಷ್ಟಿಯಿಂದ ಅದು ಸರಿಯೇ ಎಂಬುದನ್ನು ಹಿರಿಯರು ಹೇಳಬೇಕು. ಗಜೇಂದ್ರನ ಕಾಲು ಬಿಡಿಸಿದವನ ಮುಂದೆ ಕಾಲಿಗೆ ಸರಪಳಿ ಬಿಗಿದ ಆನೆಯನ್ನು ನಿಲ್ಲಿಸುವಾಗ ನಾವು ಒಂದು ಗಳಿಗೆ ಯೋಚಿಸಬೇಕು ಎಂಬುದಷ್ಟೇ ನನ್ನ ಬಿನ್ನಹ.

ಹರಿಯು ಬರುವುದನ್ನು ಕಂಡಾಗ ಗಜೇಂದ್ರನು ಬಳಲಿದ ಸೊಂಡಿಲಿನಲ್ಲಿ ಒಂದು ತಾವರೆಯನ್ನು ಎತ್ತಿ ಹಿಡಿದ. ಕಾಲು ಇನ್ನೂ ಮೊಸಳೆಯ ಬಾಯಲ್ಲಿಯೇ ಇತ್ತು. ಬಿಡುಗಡೆಯಾದ ಮೇಲೆ ಕೊಟ್ಟ ಕಾಣಿಕೆಯಲ್ಲ ಅದು, ಬಿಡುಗಡೆಗೆ ಮೊದಲೇ ಅರ್ಪಿಸಿದ್ದು. ನಮ್ಮ ಮನೆಗಳಲ್ಲಿ ಮಕ್ಕಳಿಗೆ ಗಜೇಂದ್ರಮೋಕ್ಷವನ್ನು ಕಲಿಸೋಣ. ಏಕೆಂದು ಅವರು ಕೇಳಿದರೆ, ನನ್ನ ತೀರ್ಥರೂಪರು ನನಗೆ ಕೊಟ್ಟ ಉತ್ತರವನ್ನೇ ನೀವೂ ಕೊಡಬಹುದು.

ಶ್ರೀಕೃಷ್ಣಾರ್ಪಣಮಸ್ತು