ಬೀದಿಯಲ್ಲಿ ತಿರುಗುವ ಜಾಹೀರಾತು



ಬೀದಿಯಲ್ಲಿ ನಿಂತು ಸಾರುವುದು ನಮ್ಮ ಜನಕ್ಕೆ ಹೊಸದಲ್ಲ. ಹಿಂದೆ ತಮಟೆಯವನು ಮೂರು ದಾರಿ ಕೂಡುವೆಡೆಯಲ್ಲಿ ನಿಂತು, ಹೇಳಬೇಕಾದುದನ್ನು ಹೇಳಿ, ಮುಂದಿನ ಕೇರಿಗೆ ನಡೆದುಬಿಡುತ್ತಿದ್ದನು. ಸಿನಿಮಾ ಬಂದ ಮೇಲೆ ಜಟಕಾ ಗಾಡಿಯ ಎರಡು ಪಕ್ಕಕ್ಕೂ ಚಿತ್ರದ ಹಲಗೆಯನ್ನು ಕಟ್ಟಿ ಕರಪತ್ರ ಹಂಚುವ ರೂಢಿ ಬಂದಿತು. ಈಗ ಲಾರಿಯ ಬೆನ್ನ ಮೇಲೆ ಹೊಳೆಯುವ ಪರದೆಯೇ ಏರಿ ಕುಳಿತಿದೆ. ಬೀದಿಯಲ್ಲಿ ಸಂಚರಿಸುವುದು ಸರ್ವರ ಹಕ್ಕು. ತನ್ನ ಸರಕನ್ನು ಹೊಗಳಿಕೊಳ್ಳುವುದು ವರ್ತಕನ ಹಕ್ಕು. ಈ ಎರಡನ್ನೂ ಒಂದೇ ಗಾಡಿಯ ಮೇಲೆ ಹೇರಿ ಹೊರಟಾಗ, ಅದನ್ನು ತಡೆಯುವ ಅಧಿಕಾರ ಪೌರಸಭೆಗೆ ಉಂಟೆ? ಉಂಟಾದರೆ ಅದರ ಮೇರೆ ಯಾವುದು? ಇದೇ ಈ ಹೊತ್ತಿನ ವಿಚಾರ.

ಈ ಪ್ರಶ್ನೆಯನ್ನು ಮೊದಲು ಎದುರಿಸಿದ ಮಹಾನಗರಗಳಲ್ಲಿ ಲಂಡನ್ ಒಂದು. 1843ರಲ್ಲಿ ಪ್ರಕಟವಾದ ತಮ್ಮ ಗ್ರಂಥವೊಂದರಲ್ಲಿ ಕಾರ್ಲೈಲರು ಆ ನಗರದ ಟೋಪಿಯ ವ್ಯಾಪಾರಿಯೊಬ್ಬನನ್ನು ಕುರಿತು ಬರೆದಿದ್ದಾರೆ. ಆತನು ಏಳು ಅಡಿ ಎತ್ತರದ ಹುಸಿಟೋಪಿಯೊಂದನ್ನು ಕಟ್ಟಿಸಿ, ಗಾಲಿಗಳ ಮೇಲೆ ನಿಲ್ಲಿಸಿ, ಬೀದಿಬೀದಿಗೆ ಅಟ್ಟಿದನಂತೆ. ಒಳ್ಳೆಯ ಟೋಪಿಯನ್ನು ಮಾಡಬೇಕಾದ ಶ್ರಮವೆಲ್ಲ, ಟೋಪಿ ಒಳ್ಳೆಯದೆಂದು ನಂಬಿಸುವುದರಲ್ಲಿ ವ್ಯಯವಾಯಿತಲ್ಲಾ ಎಂಬುದು ಕಾರ್ಲೈಲರ ವ್ಯಥೆ. ಆದರೆ ಶಾಸನಕರ್ತರಿಗೆ ಕಂಡ ತೊಂದರೆ ಬೇರೆ: ದಾರಿ ಕಟ್ಟಿಹೋಗುತ್ತಿತ್ತು. 1853ರ ಬಾಡಿಗೆಗಾಡಿಗಳ ಕಾಯಿದೆಯಲ್ಲಿ, ದಾರಿಹೋಕರಿಗೆ ಅಡ್ಡಿಯೋ ಕಿರುಕುಳವೋ ಆಗುವಂತೆ ಗಾಡಿಯ ಮೇಲಾಗಲಿ, ಕುದುರೆಯ ಮೇಲಾಗಲಿ, ಕಾಲ್ನಡೆಯಲ್ಲಾಗಲಿ ಜಾಹೀರಾತನ್ನು ಹೊತ್ತು ತಿರುಗಬಾರದೆಂದು ವಿಧಿಸಿದರು.

ಈ ವಿಚಾರವು ಅತ್ಯಂತ ಸೂಕ್ಷ್ಮವಾದ ಪರೀಕ್ಷೆಗೆ ಒಳಗಾದದ್ದು ನ್ಯೂಯಾರ್ಕಿನಲ್ಲಿ. ಅಲ್ಲಿನ ಸಂಚಾರ ನಿಯಮವು ಜಾಹೀರಾತಿನ ವಾಹನಗಳನ್ನು ಬೀದಿಯಲ್ಲಿ ನಡೆಸಕೂಡದೆಂದು ಹೇಳಿ, ಒಂದು ವಿನಾಯಿತಿಯನ್ನು ಇಟ್ಟಿತ್ತು. ಸರಕು ಸಾಗಿಸುವ ಗಾಡಿಯು ಒಡೆಯನ ನಿತ್ಯದ ವ್ಯವಹಾರದಲ್ಲಿ ತೊಡಗಿರುವಾಗ, ಅದರ ಮೇಲೆ ಆ ವ್ಯವಹಾರದ ಪ್ರಕಟನೆ ಇರಬಹುದು. ಪ್ರಚಾರವೇ ಗಾಡಿಯ ಮುಖ್ಯ ಉದ್ದೇಶವಾಗಿರಕೂಡದು. ಅಂದರೆ, ರೊಟ್ಟಿಯಂಗಡಿಯ ಗಾಡಿ ತನ್ನ ರೊಟ್ಟಿಯ ಹೆಸರನ್ನು ಬರೆದುಕೊಳ್ಳಬಹುದು. ಪರರ ಸಾಬೂನಿನ ಚಿತ್ರಕ್ಕೆ ತನ್ನ ಪಕ್ಕವನ್ನು ಬಾಡಿಗೆಗೆ ಕೊಡಬಾರದು.

ರೈಲ್ವೆ ಎಕ್ಸ್‌ಪ್ರೆಸ್ ಏಜೆನ್ಸಿ ಎಂಬ ಸಾಗಣೆಯ ಸಂಸ್ಥೆಗೆ ಆ ನಗರದಲ್ಲಿ ಸುಮಾರು 1,900 ಲಾರಿಗಳಿದ್ದುವು. ಅವುಗಳ ಪಕ್ಕಗಳನ್ನು ಅದು ಅನ್ಯರ ಜಾಹೀರಾತಿಗೆ ಮಾರುತ್ತಿತ್ತು. ದಂಡ ಬಿದ್ದಿತು, ಮೊಕದ್ದಮೆಯು ಮೇಲಿಂದ ಮೇಲಕ್ಕೆ ಏರಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟಿತು. ಸಂಸ್ಥೆಯ ವಾದ ಕೇಳುವುದಕ್ಕೆ ನ್ಯಾಯವಾಗಿಯೇ ಇತ್ತು: ಚಿತ್ರದಿಂದ ಸಾರಥಿಯ ದೃಷ್ಟಿ ಚಂಚಲವಾಗುವುದಾದರೆ, ಆ ಚಿತ್ರ ಒಡೆಯನದೋ ಬಾಡಿಗೆಯದೋ ಎಂದು ಕಣ್ಣು ವಿಚಾರಿಸುವುದೆ? ಟೈಮ್ಸ್ ಚೌಕದ ಕಣ್ಣು ಕುಕ್ಕುವ ದೀಪಫಲಕಗಳನ್ನು ಬಿಟ್ಟು, ಲಾರಿಯ ಮೇಲೇಕೆ ಈ ಕೋಪ?

1949ರ ಜನವರಿಯಲ್ಲಿ ತೀರ್ಪು ಬಂದಿತು, ನಿಯಮವು ಊರ್ಜಿತವಾಯಿತು. ಒಂದೇ ಜಾತಿಯ ಕೇಡುಗಳೆಲ್ಲವನ್ನೂ ಒಟ್ಟಿಗೇ ಕೀಳಬೇಕು, ಇಲ್ಲವೆ ಒಂದನ್ನೂ ಮುಟ್ಟಬಾರದು ಎಂಬ ನಿರ್ಬಂಧ ಸಮಾನತೆಯ ತತ್ತ್ವದಲ್ಲಿ ಇಲ್ಲವೆಂದು ನ್ಯಾಯಮೂರ್ತಿ ಡಗ್ಲಸರು ಅಭಿಪ್ರಾಯಪಟ್ಟರು. ನ್ಯಾಯಮೂರ್ತಿ ಜ್ಯಾಕ್ಸನರು ತೀರ್ಪಿಗೆ ಸಮ್ಮತಿಸಿದರೂ ಪ್ರತ್ಯೇಕವಾಗಿ ಬರೆದರು. ಅವರ ಮಾತಿನ ಸಾರ ಇದು: ಅಧಿಕಾರಿಗಳು ಕೆಲವರನ್ನು ಮಾತ್ರ ಆರಿಸಿ ಅವರ ಮೇಲೆ ಕಟ್ಟಳೆಯನ್ನು ಹೇರಬಹುದಾದರೆ, ಸ್ವೇಚ್ಛಾಚಾರಕ್ಕೆ ಅದಕ್ಕಿಂತ ಅಗಲವಾದ ಬಾಗಿಲು ಬೇರೊಂದಿಲ್ಲ, ಬಹುಜನರ ಮೇಲೆ ಬೀಳುವ ಕಟ್ಟಳೆಯಾದರೆ, ಅದು ಅನ್ಯಾಯವಾದಾಗ ಬಹುಜನರೇ ಎದ್ದು ಕೇಳುತ್ತಾರೆ. ಆದ್ದರಿಂದ ಭೇದ ಮಾಡುವುದಾದರೆ, ಆ ಭೇದಕ್ಕೂ ಕಟ್ಟಳೆಯ ಉದ್ದೇಶಕ್ಕೂ ನಿಜವಾದ ಸಂಬಂಧವಿರಬೇಕು. ಸ್ವಂತ ಕೆಲಸಕ್ಕೆ ಮಾಡುವುದಕ್ಕೂ ಬಾಡಿಗೆಗಾಗಿ ಮಾಡುವುದಕ್ಕೂ ಅಂಥ ಅಂತರವಿದೆಯೆಂದು ಅವರು ಒಪ್ಪಿದರು.

ಈ ವಿಷಯದಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟದ್ದು 2016ರ ತೀರ್ಪು. ಕ್ಯಾಲಿಫೋರ್ನಿಯದಲ್ಲಿ ಜಾಹೀರಾತಿನ ಹಲಗೆ ಹೊತ್ತ ತೇರಿನಂಥ ಗಾಡಿಗಳನ್ನು ಬೀದಿಯ ಅಂಚಿನಲ್ಲಿ ನಿಲ್ಲಿಸುವ ಚಾಳಿ ಬೆಳೆಯಿತು. ಲಾಸ್ ಏಂಜಲೀಸ್ ಮೊದಲಾದ ನಗರಗಳು, ಎಂಜಿನಿಲ್ಲದ ಅಂಥ ಗಾಡಿಗಳನ್ನು ನಿಲ್ಲಿಸಕೂಡದೆಂದೂ, ಮೋಟಾರಿನ ಮೇಲಣ ಫಲಕವು ಅದಕ್ಕೆ ಭದ್ರವಾಗಿ ಅಂಟಿಕೊಂಡಿದ್ದು ಅದರ ಮೈಯನ್ನು ಮೀರಿ ಚಾಚಬಾರದೆಂದೂ ವಿಧಿಸಿದುವು. ಇದು ವಾಕ್‌ಸ್ವಾತಂತ್ರ್ಯದ ಹರಣವೆಂದು ಗಾಡಿಯ ಒಡೆಯರು ದೂರಿದರು. ಒಂಬತ್ತನೆಯ ವಲಯದ ಅಪೀಲು ನ್ಯಾಯಾಲಯ ಆ ದೂರನ್ನು ಒಪ್ಪಲಿಲ್ಲ. ಫಲಕದಲ್ಲಿ ಏನು ಬರೆದಿದೆಯೆಂದು ಕಟ್ಟಳೆ ಕೇಳುವುದಿಲ್ಲ. ಅದನ್ನು ಹೊತ್ತ ರೀತಿಯನ್ನು ಮಾತ್ರ ನೋಡುತ್ತದೆ. ಮಾತನ್ನು ತಿಳಿಸಲು ಬೇರೆ ಮಾರ್ಗಗಳು ತೆರೆದೇ ಇವೆ, ಎಂದಿತು.

ನಮ್ಮ ನಾಡಿನಲ್ಲಿಯೂ ಸಾರ್ವಜನಿಕರ ಕಣ್ಣಿಗೆ ಬೀಳುವೆಡೆಗಳಲ್ಲಿ ಜಾಹೀರಾತು ಹಚ್ಚಲು ಸ್ಥಳೀಯ ಸಂಸ್ಥೆಯ ಲಿಖಿತ ಅನುಮತಿ ಬೇಕೆಂದು 1981ರ ಕರ್ನಾಟಕದ ಕಾಯಿದೆ ವಿಧಿಸಿದೆ. ಅನುಮತಿ ಎಂಬ ಮಾತಿನಲ್ಲಿಯೇ ಜ್ಯಾಕ್ಸನರು ಹೇಳಿದ ಅಪಾಯ ಅಡಗಿದೆ. ಕೊಡುವ ಕೈಯು ಒಬ್ಬನಿಗೆ ಕೊಟ್ಟು ಇನ್ನೊಬ್ಬನಿಗೆ ಇಲ್ಲವೆನ್ನಬಲ್ಲುದು. ತಳ್ಳುಗಾಡಿಗೆ ರಟ್ಟಿನ ಹಲಗೆ ಕಟ್ಟಿಕೊಂಡ ಬಡವನಿಗೆ ದಂಡ, ಗಣ್ಯರ ಭಾವಚಿತ್ರ ಹೊತ್ತ ಲಾರಿಗೆ ಸಲಾಮು ಎಂದಾದರೆ, ಬೀದಿ ನಿರ್ಮಲವಾದರೂ ನ್ಯಾಯ ಮಲಿನವಾಗುತ್ತದೆ. ಇನ್ನೊಂದು ಮಾತು: ಬೆಂಗಳೂರಿನ ನಗರಸಾರಿಗೆಯ ಬಸ್ಸುಗಳು ಅನ್ಯರ ಜಾಹೀರಾತನ್ನು ಹೊತ್ತು ಓಡಿರುವುದನ್ನು ನಾವೆಲ್ಲ ಕಂಡಿದ್ದೇವೆ. ನ್ಯೂಯಾರ್ಕಿನ ಆ ನಿಯಮವನ್ನು ಯಥಾವತ್ತಾಗಿ ಇಲ್ಲಿಗೆ ತಂದರೆ, ಮೊದಲು ಕಟಕಟೆಗೆ ಬರತಕ್ಕವು ಅವೇ ಆಗಬಹುದು! ಬಸ್ಸು ಜನರನ್ನು ಸಾಗಿಸುತ್ತದೆ, ತೋರಿಕೆಯ ಗಾಡಿ ಏನನ್ನೂ ಸಾಗಿಸುವುದಿಲ್ಲ ಎಂದು ಸಮಾಧಾನ ಹೇಳಬಹುದು. ಆದರೆ ಆ ಸಮಾಧಾನವನ್ನು ಕಟ್ಟಳೆಯಲ್ಲಿಯೇ ಬಿಡಿಸಿ ಬರೆಯಬೇಕು, ಅಧಿಕಾರಿಯ ಮನಸ್ಸಿಗೆ ಬಿಡಬಾರದು.

ಆದಕಾರಣ ಪೌರಸಭೆಯು ಇಂಥ ಕಟ್ಟಳೆಯನ್ನು ಮಾಡುವಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಲಿ. ಗಾಡಿ ಕೆಲಸಕ್ಕಾಗಿ ಹೊರಟಿದೆಯೋ, ಬರಿಯ ತೋರಿಕೆಗಾಗಿಯೋ? ಕಟ್ಟಳೆಯು ಅದನ್ನು ಹೊತ್ತ ಬಗೆಯನ್ನು ನೋಡುತ್ತದೆಯೋ, ಅದರ ಮೇಲಣ ಮಾತನ್ನೋ? ಬಲ್ಲಿದನಿಗೂ ಬಡವನಿಗೂ, ಕೊನೆಗೆ ಪೌರಸಭೆಯ ಗಾಡಿಗೂ, ಅದು ಒಂದೇ ಆಗಿದೆಯೋ? ಈ ಮೂರಕ್ಕೂ ನಿರ್ಭಯವಾಗಿ ಉತ್ತರ ಕೊಡಬಲ್ಲ ಪೌರಸಭೆಗೆ ಗಾಡಿಯನ್ನು ತಡೆಯುವ ಅಧಿಕಾರ ಉಂಟು. ಕೊಡಲಾರದ ಪೌರಸಭೆಯು ಗಾಡಿಗಿಂತ ಮೊದಲು ತನ್ನ ಕೈಯನ್ನು ತಡೆದುಕೊಳ್ಳುವುದು ಲೇಸು.